ಶೆಲ್ಟರ್ ಮರಿಯ ಆಪರೇಷನ್: ಮೊದಲು ಡ್ರಿಪ್, ಆಮೇಲೆ ದುಡ್ಡಿನ ಮಾತು

‘ಪುಟ್ಟ ಮರಿಯ ಆಪರೇಷನ್ನಿಗೆ ನೆರವಾಗಿ’ ಎಂಬ ವಾಟ್ಸಾಪ್ ಸಂದೇಶ ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ. ಫೋಟೋ ಇರುತ್ತದೆ, ಕ್ಯೂಆರ್ ಕೋಡ್ ಇರುತ್ತದೆ, ಕೈಮುಗಿದ ಇಮೋಜಿಗಳ ಸಾಲೇ ಇರುತ್ತದೆ. ಮರಿಗೆ ಏನಾಗಿದೆ, ಯಾವ ಆಸ್ಪತ್ರೆ, ಎಂಥ ಆಪರೇಷನ್, ಎಷ್ಟು ಖರ್ಚು ಎಂಬುದು ಮಾತ್ರ ಇರುವುದಿಲ್ಲ. ದುಡ್ಡು ಬಾರದಿದ್ದರೆ ಜನರಿಗೆ ಕರುಣೆಯೇ ಇಲ್ಲ ಎಂದು ಬೈಯುತ್ತೇವೆ. ನನ್ನ ಪ್ರಕಾರ ಕರುಣೆಗೇನೂ ಬರವಿಲ್ಲ, ಎಡವಟ್ಟಾಗುವುದು ಕೆಲಸದ ಅನುಕ್ರಮದಲ್ಲಿ. ಮೊದಲು ಮರಿಯ ಜೀವ ಹಿಡಿದಿಡಬೇಕು, ಆಮೇಲೆ ರೋಗ ಯಾವುದೆಂದು ತಿಳಿಯಬೇಕು, ಅದಾದ ಮೇಲೆ ಖರ್ಚಿನ ಅಂದಾಜನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಕ್ಯೂಆರ್ ಕೋಡಿನ ಸರದಿ ಬರುವುದು ಆಮೇಲೆ.

ಶೆಲ್ಟರ್‌ಗಳಲ್ಲಿ ಮರಿಗಳಿಗೆ ದೊಡ್ಡ ಶತ್ರು ಪಾರ್ವೋ. 1978ರ ಸುಮಾರಿಗೆ ಜಗತ್ತಿನಾದ್ಯಂತ ಕಾಣಿಸಿಕೊಂಡ ಈ ವೈರಸ್ಸು, ದೇಹದಲ್ಲಿ ವೇಗವಾಗಿ ಹುಟ್ಟುವ ಜೀವಕೋಶಗಳನ್ನೇ ಹುಡುಕಿ ಹಾಳುಮಾಡುತ್ತದೆ. ಅಂದರೆ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ. ಕರುಳು ಹುಣ್ಣಾಗಿ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಮಜ್ಜೆ ಸೋತು ಬಿಳಿರಕ್ತಕಣ ಇಳಿಯುತ್ತದೆ, ಬೇರೆ ಸೋಂಕು ಸುಲಭವಾಗಿ ಒಳನುಗ್ಗುತ್ತದೆ. ಹೊತ್ತಿಗೆ ಸರಿಯಾಗಿ ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಆ್ಯಂಟಿಬಯೋಟಿಕ್ ಸಿಕ್ಕರೆ ಹೆಚ್ಚಿನ ಮರಿಗಳು ಉಳಿಯುತ್ತವೆ.

ಆಪರೇಷನ್ನಿನ ಪ್ರಶ್ನೆ ಬರುವುದು ಎಷ್ಟೋ ಸಲ ಇದಾದ ಮೇಲೆ. ಪಾರ್ವೋದಿಂದ ಚೇತರಿಸಿಕೊಂಡು, ಬಾಲ ಅಲ್ಲಾಡಿಸಿ ಒಂದೆರಡು ಹೊತ್ತು ತಿಂದ ಮರಿ ಮತ್ತೆ ವಾಂತಿ ಶುರುಮಾಡುತ್ತದೆ. ‘ಪಾರ್ವೋ ತಿರುಗಿ ಬಂತು’ ಎಂದು ಶೆಲ್ಟರ್‌ನವರು ಅದೇ ಔಷಧಿ ಮುಂದುವರಿಸುತ್ತಾರೆ. ಇಲ್ಲೇ ದಿನ ಕಳೆದುಹೋಗುವುದು. ಹುಣ್ಣಾದ ಕರುಳು ಒಂದೇ ಲಯದಲ್ಲಿ ಅಲುಗಾಡುವುದಿಲ್ಲ. ಒಂದು ಭಾಗ ಜೋರಾಗಿ ಹಿಂಡಿಕೊಂಡು ಪಕ್ಕದ ಭಾಗದೊಳಕ್ಕೆ ನುಗ್ಗಿಬಿಡುತ್ತದೆ, ಅಂಗಿ ಕಳಚುವಾಗ ತೋಳು ತನ್ನೊಳಗೇ ಮಡಚಿಕೊಳ್ಳುವ ಹಾಗೆ. ಡಾಕ್ಟರುಗಳು ಇದಕ್ಕೆ ಇಂಟಸಸೆಪ್ಷನ್ ಎನ್ನುತ್ತಾರೆ. ಜಂತುಹುಳು ಹೆಚ್ಚಾದ ಮರಿಗಳಲ್ಲಿ, ಬಟ್ಟೆಚೂರು ಅಥವಾ ಪ್ಲಾಸ್ಟಿಕ್ ನುಂಗಿದ ಮರಿಗಳಲ್ಲೂ ಆಗುತ್ತದೆ. ಒಳಗೆ ಸಿಕ್ಕಿಕೊಂಡ ತುಂಡಿಗೆ ರಕ್ತ ಹರಿಯುವುದು ನಿಂತು ಅದು ಊದುತ್ತದೆ, ಕಪ್ಪಾಗುತ್ತದೆ, ಕೊನೆಗೆ ಕೊಳೆಯುತ್ತದೆ. ಮಾತ್ರೆಯಿಂದ ಬಿಡಿಸಲಾಗದು, ಹೊಟ್ಟೆ ತೆರೆಯಲೇಬೇಕು.

ಪತ್ತೆಹಚ್ಚುವುದು ಮಾತ್ರ ಕೆಲವೊಮ್ಮೆ ಬೆರಳಿನಿಂದಲೇ ಆಗುತ್ತದೆ. ಅನುಭವಿ ಡಾಕ್ಟರು ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡೂ ಪಕ್ಕದಿಂದ ಹೊಟ್ಟೆಯನ್ನು ಮೆತ್ತಗೆ ಒತ್ತುತ್ತಾ ಹೋಗುತ್ತಾರೆ. ಎಲ್ಲೋ ಒಂದು ಕಡೆ ಗಟ್ಟಿಯಾದ, ಉದ್ದನೆಯ ಗಂಟು ಜಾರಿದಂತಾಗುತ್ತದೆ. ಅಲ್ಲಿಗೆ ಅವರ ಕೈ ನಿಲ್ಲುತ್ತದೆ.

‘ಸರ್, ನಿನ್ನೆಯಿಂದ ನೀರೂ ನಿಲ್ತಿಲ್ಲ’ ಎನ್ನುತ್ತಾನೆ ಶೆಲ್ಟರಿನ ಹುಡುಗ.

‘ಕಕ್ಕ ಮಾಡ್ತೇನಪ್ಪಾ?’

‘ಬರೀ ಸಿಂಬಳದ ಥರ, ಸ್ವಲ್ಪ ರಕ್ತ.’

‘ಸ್ಕ್ಯಾನ್ ಮಾಡ್ಸು, ಈಗಲೇ.’

ಅಲ್ಟ್ರಾಸೌಂಡಿನಲ್ಲಿ ಉಂಗುರದೊಳಗೆ ಉಂಗುರ ಕಂಡರೆ ಸಂಶಯವೇ ಇಲ್ಲ. ಒಮ್ಮೊಮ್ಮೆ ಒಳನುಗ್ಗಿದ ಕರುಳು ಗುದದಿಂದ ಹೊರಗೇ ಇಣುಕುತ್ತದೆ. ಬರೀ ಗುದ ಜಾರಿದೆ ಎಂದುಕೊಂಡು ಒಳಗೆ ತಳ್ಳಿ ಹೊಲಿಗೆ ಹಾಕಿಸಿದರೆ ನಿಜವಾದ ತೊಂದರೆ ಒಳಗೇ ಉಳಿಯುತ್ತದೆ. ಹಾಗೆ ಕಂಡದ್ದನ್ನು ನೀವೂ ತಳ್ಳಬೇಡಿ. ಒದ್ದೆ ಬಟ್ಟೆ ಮುಚ್ಚಿ ಕರೆದೊಯ್ಯಿರಿ.

ಆಸ್ಪತ್ರೆ ತಲುಪುವವರೆಗಿನ ಹೊತ್ತಿನಲ್ಲಿ ನಾವು ಪ್ರೀತಿಯಿಂದ ಮಾಡುವ ಅನಾಹುತಗಳು ಬಹಳ. ಮರಿ ತಣ್ಣಗಿದೆ, ಸುಸ್ತಾಗಿದೆ ಎಂದು ಬಾಯಿಗೆ ಹಾಲು ಹೊಯ್ಯುತ್ತೇವೆ. ತಣ್ಣಗಾದ ಮರಿಗೆ ಜೀರ್ಣಶಕ್ತಿಯೂ ಇರದು, ನುಂಗುವ ಶಕ್ತಿಯೂ ಇರದು. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಜಾಸ್ತಿ. ಹಾಗಾಗಿ ನಮ್ಮ ಕೈಗೆ ತಣ್ಣಗೆ ಅನ್ನಿಸಿದ ಮರಿ ನಿಜಕ್ಕೂ ಅಪಾಯದಲ್ಲಿದೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಪಕ್ಕಕ್ಕಿಡಿ. ಪುಟ್ಟ ಮರಿ ಉಪವಾಸವಿದ್ದರೆ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ, ಆದ್ದರಿಂದ ವಸಡಿಗೆ ಒಂದಿಷ್ಟು ಗ್ಲೂಕೋಸ್ ನೀರು ಸವರಬಹುದು, ಅಷ್ಟೇ. ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗದಿದ್ದರೆ ರಕ್ತಸಂಚಾರ ಸೋತಿದೆ ಎಂದರ್ಥ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ.

ಇನ್ನೊಂದು ಎಚ್ಚರಿಕೆ, ಇದಕ್ಕೆ ವಿನಾಯಿತಿಯೇ ಇಲ್ಲ. ಜೊಲ್ಲು ಸುರಿಸುತ್ತಾ, ನುಂಗಲಾರದೆ, ವಿಚಿತ್ರವಾಗಿ ಕೂಗುವ ಮರಿಯ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಬೆರಳು ಹಾಕಬಾರದು. ಮರಿಗಳಿಗೂ ರೇಬಿಸ್ ಬರುತ್ತದೆ. ಹಲ್ಲು ತಾಗಿದರೆ, ಗಾಯಕ್ಕೆ ಜೊಲ್ಲು ಬಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ತೋಳಿಗೆ ಕೊಡುವ ಲಸಿಕೆಯಾದರೆ ಸಾಮಾನ್ಯವಾಗಿ 0, 3, 7, 14, 28ನೇ ದಿನಗಳಂದು. ಮರಿಗೆ ಏನೇ ಆಗಲಿ, ನಿಮ್ಮ ಡೋಸು ತಪ್ಪಬಾರದು.

ಎಲ್ಲಿಗೆ ಒಯ್ಯುವುದು? ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಶಿವಮೊಗ್ಗ, ಹಾಸನ, ಬೀದರ್, ಗದಗಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಶುಲ್ಕ ಖಾಸಗಿಗಿಂತ ಬಹಳ ಕಡಿಮೆ. ಆದರೆ ಸಾಲಿನಲ್ಲಿ ಕಾಯಬೇಕು, ಕೆಲವು ಔಷಧಿ ಹೊರಗಿನಿಂದ ತರಬೇಕಾಗಬಹುದು, ರಾತ್ರಿ ಮರಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು. ಖಾಸಗಿಯಲ್ಲಿ ರಾತ್ರಿ ವಾರ್ಡು ಸಿಗುತ್ತದೆ, ಬಿಲ್ಲೂ ಅದಕ್ಕೆ ತಕ್ಕಂತೆ. ಸ್ಕ್ಯಾನು, ಆಪರೇಷನ್ನು ಕಾಲೇಜಿನಲ್ಲಿ ಮಾಡಿಸಿ, ಆರೈಕೆಗೆ ಹತ್ತಿರದ ಕ್ಲಿನಿಕ್ಕಿಗೆ ಒಯ್ಯುವವರೂ ಇದ್ದಾರೆ. ನನಗೆ ಇದು ಬುದ್ಧಿವಂತಿಕೆಯ ದಾರಿ ಎನಿಸುತ್ತದೆ. 1962 ಸಹಾಯವಾಣಿಯ ಪಶು ಸಂಜೀವಿನಿ ಗಾಡಿ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದು, ಇಂಥ ಆಪರೇಷನ್ನಿಗೆ ಅದನ್ನೇ ನಂಬಿ ಕೂರಬೇಡಿ.

ಶೆಲ್ಟರಿನಿಂದ ಮರಿಯನ್ನು ಎತ್ತಿಕೊಳ್ಳುವ ಮುಂಚೆ ಒಂದು ಕಾಗದ ಆಗಬೇಕು. ಕೇಸ್ ಪೇಪರಿನಲ್ಲಿ ನಿಮ್ಮ ಹೆಸರು ಬರೆಸಿದರೆ ಆಸ್ಪತ್ರೆಯ ಪಾಲಿಗೆ ನೀವೇ ಯಜಮಾನರು, ಬಾಕಿಯೂ ನಿಮ್ಮದೇ. ಆಪರೇಷನ್ ಒಪ್ಪಿಗೆಗೆ ಸಹಿ ಯಾರದು? ಹೊಟ್ಟೆ ತೆರೆದ ಮೇಲೆ ಕರುಳು ಪೂರ್ತಿ ಸತ್ತಿದೆ ಎಂದಾದರೆ ದಯಾಮರಣದ ನಿರ್ಧಾರ ಯಾರದು? ಆಮೇಲೆ ಮರಿ ಎಲ್ಲಿಗೆ ಹಿಂತಿರುಗಬೇಕು? ಇವಿಷ್ಟನ್ನು ಎರಡು ಸಾಲಿನಲ್ಲಾದರೂ ಬರೆದುಕೊಳ್ಳಿ. ಸರ್ಜನ್ನರು ಅರ್ಧ ಆಪರೇಷನ್ನಿನಲ್ಲಿ ಫೋನ್ ಮಾಡಿದಾಗ ಶೆಲ್ಟರಿನವರೂ ನೀವೂ ಒಬ್ಬರ ಮುಖ ಒಬ್ಬರು ನೋಡುವಂತಾಗಬಾರದು.

ಇನ್ನು ಅಂದಾಜು. ‘ಸುಮಾರು ಇಷ್ಟಾಗುತ್ತೆ’ ಎಂಬ ಬಾಯಿಮಾತಿನ ಮೇಲೆ ದುಡ್ಡು ಕೇಳಬೇಡಿ. ರಕ್ತಪರೀಕ್ಷೆ, ಸ್ಕ್ಯಾನ್, ಅರಿವಳಿಕೆ, ಸರ್ಜನ್ ಶುಲ್ಕ, ಹೊಲಿಗೆ ದಾರ ಮತ್ತಿತರ ಸಾಮಗ್ರಿ, ದಿನವೊಂದರ ವಾರ್ಡ್ ಬಾಡಿಗೆ, ಮನೆಗೆ ಬಂದ ಮೇಲಿನ ಔಷಧಿ ಎಲ್ಲ ಬೇರೆಬೇರೆಯಾಗಿರಲಿ. ಕರುಳನ್ನು ಕೈಯಿಂದಲೇ ಬಿಡಿಸಲು ಸಾಧ್ಯವಾದರೆ ಎಷ್ಟು, ಸತ್ತ ತುಂಡು ಕತ್ತರಿಸಿ ಜೋಡಿಸಬೇಕಾದರೆ ಎಷ್ಟು ಎಂದು ಎರಡು ಮೊತ್ತ ಕೇಳಿ. ಯಾವುದೆಂದು ಹೊಟ್ಟೆ ತೆರೆಯುವವರೆಗೆ ಯಾರಿಗೂ ತಿಳಿಯದು. ಉಣ್ಣೆ ಹತ್ತಿದ ಬೀದಿಮರಿಗಳಲ್ಲಿ ಉಣ್ಣೆಜ್ವರದಿಂದ ಪ್ಲೇಟ್‌ಲೆಟ್ ಇಳಿದಿರಬಹುದು, ಆಗ ರಕ್ತ ಕೊಡುವ ಆರೋಗ್ಯವಂತ ದೊಡ್ಡ ನಾಯಿಯನ್ನೂ ಹುಡುಕಬೇಕು. ಎಲ್ಲರೂ ಮರೆಯುವುದು ಆಪರೇಷನ್ನಿನ ಮರುದಿನದಿಂದ ಶುರುವಾಗುವ ಖರ್ಚನ್ನು. ಕರುಳು ಜೋಡಿಸಿದ ಜಾಗ ಸೋರುವ ಅಪಾಯ ಹೆಚ್ಚಾಗಿರುವುದು ಮೂರರಿಂದ ಐದನೇ ದಿನದ ನಡುವೆ. ಆ ದಿನಗಳಲ್ಲಿ ಮರಿ ಡಾಕ್ಟರ ಕಣ್ಣಳತೆಯಲ್ಲಿರಬೇಕು. ಮೊದಲ ದಿನದ ಬಿಲ್ಲಿಗೇ ಸಂಗ್ರಹ ಮುಗಿದರೆ ಮೂರನೇ ದಿನ ಡಿಸ್ಚಾರ್ಜ್ ಮಾಡಿಸಿಕೊಂಡು ಬರುತ್ತೇವೆ, ಕಷ್ಟ ಶುರುವಾಗುವುದೇ ಅಲ್ಲಿಂದ.

ದುಡ್ಡು ಯಾರ ಖಾತೆಗೆ ಬರಬೇಕು ಎಂಬುದು ನಂಬಿಕೆಯ ಪ್ರಶ್ನೆ, ತೆರಿಗೆಯ ಪ್ರಶ್ನೆಯೂ ಹೌದು. ನಿಮ್ಮ ಸ್ವಂತ ಯುಪಿಐಗೆ ಬಂದರೆ, ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದೊಡನೆ ಅದು ನಿಮ್ಮ ಆದಾಯವಾಗಿ ಲೆಕ್ಕಕ್ಕೆ ಬರಬಹುದು. ಮರಿಗೇ ಖರ್ಚಾಯಿತೆಂದು ಆಮೇಲೆ ವಿವರಿಸುವುದು ತಲೆನೋವಿನ ಕೆಲಸ. ನೋಂದಾಯಿತ ಟ್ರಸ್ಟಿನ ಶೆಲ್ಟರಾದರೆ ಅದರ ಖಾತೆಗೇ ಹಾಕಿಸಬಹುದು. ಟ್ರಸ್ಟಿಗೆ ದೇಣಿಗೆಯ ತೆರಿಗೆ ವಿನಾಯಿತಿಯ ಮಾನ್ಯತೆ ಇದ್ದು, ಕೊಟ್ಟವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವಿನಾಯಿತಿಯೂ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಮಾತ್ರ ಸಿಗದು. ಎಲ್ಲಕ್ಕಿಂತ ಸಲೀಸು ದಾರಿ ಎಂದರೆ ಆಸ್ಪತ್ರೆಯ ಕೌಂಟರಿಗೇ, ಕೇಸ್ ನಂಬರ್ ನಮೂದಿಸಿ ನೇರ ಪಾವತಿ. ಕೊಡುವವರಿಗೂ ಫೋನ್ ಮಾಡಿ ‘ಈ ನಂಬರಿನ ಮರಿ ನಿಮ್ಮಲ್ಲಿ ಇದೆಯಾ?’ ಎಂದು ಕೇಳಲು ಅನುಕೂಲ. ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ, ಕದ್ದ ಫೋಟೋ ತೋರಿಸಿ ವಸೂಲಿ ಮಾಡುವವರಿಗೇನೂ ಕಮ್ಮಿಯಿಲ್ಲ. ಕ್ರೌಡ್‌ಫಂಡಿಂಗ್ ತಾಣ ಬಳಸುವುದಾದರೆ ಅವರು ಹಿಡಿದುಕೊಳ್ಳುವ ಶುಲ್ಕವನ್ನೂ, ಹಣ ಕೈಗೆ ಬರಲು ಹಿಡಿಯುವ ದಿನಗಳನ್ನೂ ಓದಿಕೊಳ್ಳಿ. ಕರುಳು ಸಿಕ್ಕಿಕೊಂಡ ಮರಿಗೆ ಅಷ್ಟು ದಿನ ಇರುವುದಿಲ್ಲ. ಮುಂಗಡವನ್ನು ನಾಲ್ಕಾರು ಸ್ನೇಹಿತರು ಕೈಯಿಂದ ಹಾಕಿ, ಆಮೇಲೆ ತುಂಬಿಕೊಳ್ಳುವುದೇ ವಾಸ್ತವ.

ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಇಂಥದಕ್ಕೆ ಧಾರಾಳ. ಆದರೆ ಟ್ರಸ್ಟಿಗೆ ಕಳಿಸುವಾಗ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಬೇಕು. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿ ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರರಾಗಿದ್ದರೆ, ಒಸಿಐ ಕಾರ್ಡಿದ್ದರೂ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ.

ಮನವಿಯಲ್ಲಿ ಅಂದಾಜಿನ ಫೋಟೋ, ಬೇಕಾದ ಮೊತ್ತ, ಈವರೆಗೆ ಬಂದದ್ದು ಇಷ್ಟಿರಲಿ. ಉಳಿದ ಹಣ ಯಾವ ಮರಿಗೆ ಅಥವಾ ಯಾವ ಶೆಲ್ಟರಿಗೆ ಹೋಗುತ್ತದೆ, ಮರಿ ಉಳಿಯದಿದ್ದರೆ ಏನು ಮಾಡುತ್ತೀರಿ ಎಂದು ಮೊದಲೇ ಬರೆದುಬಿಡಿ. ಗುರಿ ಮುಟ್ಟಿದ ಕೂಡಲೇ ‘ಸಾಕು, ನಿಲ್ಲಿಸಿ’ ಎನ್ನಿ. ಮರಿ ಸತ್ತರೂ ಬಿಲ್ಲು ಹಾಕಲೇಬೇಕು. ಮುಂದಿನ ಸಲ ಕೇಳುವ ಮುಖ ಉಳಿಯುವುದು ಅದರಿಂದಲೇ. ಮತ್ತೆ ಆ ರಕ್ತಸಿಕ್ತ ಫೋಟೋಗಳು! ಒಂದು ಸಾಕು, ಅದೂ ಮಸುಕು ಮಾಡಿದ್ದು.

ಆಪರೇಷನ್ ಮುಗಿದ ಮರಿಯನ್ನು ನೇರವಾಗಿ ಮನೆಯ ನಾಯಿಯ ಜೊತೆ ಬಿಡಬಾರದು. ಪಾರ್ವೋ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲಿಗೆ ಬಗ್ಗುವುದಿಲ್ಲ. ಕಕ್ಕ, ಮಣ್ಣು ತೊಳೆದು ತೆಗೆದ ಮೇಲೆ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಬೇಕು. ಊಟ ಚೂರುಚೂರಾಗಿ, ದಿನಕ್ಕೆ ಹಲವು ಸಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನು. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕನೇ ದಿನಕ್ಕೆ. ಜಂತುಹುಳುವಿನ ಔಷಧಿ, ಬಾಕಿ ಉಳಿದ ಲಸಿಕೆಯ ತಾರೀಕುಗಳನ್ನು ಅದೇ ಸಲ ಬರೆಸಿಕೊಳ್ಳಿ. ಮರಿ ಹದಿನಾರು ವಾರ ಮುಟ್ಟುವವರೆಗೆ ಲಸಿಕೆಯ ಸರಣಿ ತಪ್ಪಬಾರದು. ತಾಯಿಯಿಂದ ಬಂದ ರಕ್ಷಣೆ ಇಳಿಯುವ ಮುಂಚೆ ಕೊಟ್ಟ ಲಸಿಕೆ ಎಷ್ಟೋ ಸಲ ಹಿಡಿಯುವುದೇ ಇಲ್ಲ.

ದತ್ತು ಹೋಗುವಾಗ ಮರಿಯ ಜೊತೆ ಫೈಲೂ ಹೋಗಲಿ: ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ರಿಪೋರ್ಟು, ಲಸಿಕೆ ಪುಸ್ತಕ. ಬಿಡಿಸಿದ ಕರುಳು ಮತ್ತೆ ಮಡಚಿಕೊಳ್ಳುವುದುಂಟು, ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಆದ್ದರಿಂದ ಫೈಲಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದುಕೊಡಿ: ಊಟ ಬಿಟ್ಟು ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡುವುದು.