ಹಳೆಯ ಉಪ್ಪುನೀರಿನ ಮೀನು ತೊಟ್ಟಿಗೆ ಹೊಸ ಮರಳು: ಅವಸರ ಬೇಡ

ಅಲಂಕಾರಿಕ ಮೀನು ಸಾಕಣೆ ಕರಾವಳಿಯ ಕೃಷಿಕರಿಗೆ ಒಪ್ಪುವ ಉಪಕಸುಬು. ಕ್ಲೌನ್ ಮೀನಿನಂತಹ ಸಮುದ್ರ ಮೀನುಗಳ ಮರಿಗಳನ್ನು ತೊಟ್ಟಿಯಲ್ಲೇ ಪಡೆಯುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಇಂತಹ ಮೀನುಗಳಿಗಾಗಿ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟವರಿಗೆ ಎರಡು ಮೂರು ವರ್ಷಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ತಳದ ಮರಳು ತೆಳುವಾಗಿ ಅಲ್ಲಲ್ಲಿ ಗಾಜು ಕಾಣತೊಡಗುತ್ತದೆ. ಶುಚಿ ಮಾಡುವಾಗಲೆಲ್ಲ ಸ್ವಲ್ಪ ಮರಳು ನೀರಿನೊಡನೆ ಹೋಗಿರುತ್ತದೆ. ಸುಣ್ಣಾಂಶದ ಮರಳು ನಿಧಾನವಾಗಿ ಕರಗುವುದೂ ಉಂಟು.

ಹೊಸ ಮರಳು ಹಾಕಬೇಕು, ನಿಜ. ಆದರೆ ಭಾನುವಾರ ಒಂದು ಚೀಲ ಮರಳನ್ನು ಒಮ್ಮೆಲೇ ಸುರಿದರೆ, ಮಂಗಳವಾರದ ಹೊತ್ತಿಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡುವುದನ್ನು ನೀವು ನೋಡಬೇಕಾದೀತು. ಇದಕ್ಕೆ ಕಾರಣವೇನು?

ಮರಳಿನಲ್ಲಿರುವ ಜೀವ

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ರೂಪಕ್ಕೆ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್ ರೂಪಕ್ಕೆ ಬರುವುದನ್ನು ನೀವು ಬಲ್ಲಿರಿ. ಈ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳದು. ತೊಟ್ಟಿಯಲ್ಲಿಯೂ ಹಾಗೆಯೇ. ಮೀನು ಹೊರಬಿಡುವ ಮತ್ತು ತಿಂದುಳಿದ ಆಹಾರ ಕೊಳೆತು ಬರುವ ಅಮೋನಿಯಾ ವಿಷ. ಮರಳಿನ ಹರಳುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸಿ ಮೀನನ್ನು ಉಳಿಸುತ್ತವೆ. ಸಮುದ್ರದ ನೀರಿನ ರಸಸಾರ 8ಕ್ಕಿಂತ ಮೇಲಿರುವುದರಿಂದ ಅಮೋನಿಯಾದ ವಿಷಕಾರಿ ಭಾಗ ಇಲ್ಲಿ ಸಿಹಿನೀರಿಗಿಂತ ಹೆಚ್ಚು.

ಈ ಜೀವಿಗಳಿಗೆ ಆಮ್ಲಜನಕ ಬೇಕು. ಆದುದರಿಂದ ಅವು ಮರಳಿನ ಮೇಲ್ಪದರದಲ್ಲಿಯೇ ಹೆಚ್ಚು. ಅದರ ಮೇಲೆ ದಪ್ಪವಾಗಿ ಹೊಸ ಮರಳು ಬಿದ್ದರೆ ಅವು ಉಸಿರುಗಟ್ಟಿ ಸಾಯುತ್ತವೆ. ಹೊಸ ಮರಳಿನಲ್ಲಿ ಅವು ಇನ್ನೂ ಬೆಳೆದಿರುವುದಿಲ್ಲ. ಅಡಿಕೆ ತೋಟಕ್ಕೆ ಹೊಸ ಮಣ್ಣು ಏರಿಸುವಾಗ ಬೇರು ಉಸಿರುಗಟ್ಟದಂತೆ ಎಚ್ಚರ ವಹಿಸುವ ನೀವು ಇಲ್ಲಿಯೂ ಅದೇ ಎಚ್ಚರ ವಹಿಸಬೇಕು.

ನಷ್ಟವೂ ಸಣ್ಣದಲ್ಲ. ಕ್ಲೌನ್ ಮೀನುಗಳು ಮೊದಲು ಗಂಡಾಗಿರುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೊಂದಿಕೊಂಡ ಜೋಡಿ ಸುಮಾರು 15 ದಿನಗಳಿಗೊಮ್ಮೆ ಮೊಟ್ಟೆಯಿಡುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಮಾರ್ಪಟ್ಟು, ಹೊಸ ಗಂಡಿನೊಡನೆ ಹೊಂದಿಕೊಂಡು ಮೊಟ್ಟೆಯಿಡಲು ತಿಂಗಳುಗಳೇ ಹಿಡಿಯುತ್ತವೆ.

ಮರಳಿನ ಆಯ್ಕೆ

ಚಿಪ್ಪಿನ ಪುಡಿಯಂತಹ ಸುಣ್ಣಾಂಶದ ಮರಳು ಉತ್ತಮ. ಇದು ರಸಸಾರ ಕುಸಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಒಂದು ಚಮಚ ಮರಳಿನ ಮೇಲೆ ನಿಂಬೆರಸ ಹಿಂಡಿರಿ. ನೊರೆ ಬಂದರೆ ಸುಣ್ಣಾಂಶವಿದೆ ಎಂದು ತಿಳಿಯಿರಿ. ಹಳೆಯ ಮರಳಿನಷ್ಟೇ ಗಾತ್ರದ ಹರಳುಗಳಿರಲಿ. ಕಡಲ ದಂಡೆಯ ಮರಳು ತೆಗೆಯಲು ಕಾನೂನಿನ ನಿರ್ಬಂಧವಿದೆ. ಹವಳವನ್ನಂತೂ ಮುಟ್ಟಲೇಬಾರದು, 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ.

ಎಷ್ಟು ಬೇಕು?

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಮರಳನ್ನು 2.5 ಸೆಂ.ಮೀ. ಏರಿಸಲು 13.5 ಲೀಟರ್ ಅಳತೆಯ, ಅಂದರೆ ಸುಮಾರು 20 ಕಿ.ಗ್ರಾಂ. ಮರಳು ಬೇಕು. ಇದನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲಿನಂತೆ ಹಾಕಿರಿ.

ಹಾಕುವ ಕ್ರಮ

1. ಮರಳನ್ನು ಬಾವಿ ನೀರಿನಲ್ಲಿ, ನೀರು ತಿಳಿಯಾಗಿ ಬರುವವರೆಗೆ ತೊಳೆಯಿರಿ. ಸೋಪು, ಬ್ಲೀಚಿಂಗ್ ಪುಡಿ ತಾಗಬಾರದು. ಕೊನೆಯ ಸಲ ಉಪ್ಪುನೀರಿನಲ್ಲಿ ತೊಳೆದು ಬಸಿಯಿರಿ.

2. ಹಳೆಯ ಮರಳನ್ನು ಕೆದಕಬೇಡಿರಿ. ತಳದಲ್ಲಿ ಕಪ್ಪು ಪದರವಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ನೀರು ಬಸಿಯದ ಕೆಸರುಗದ್ದೆಯಲ್ಲಿ ಬರುವ ವಾಸನೆಯೂ ಇದೇ. ಅಂತಹ ಭಾಗವನ್ನು ಕೊಳವೆಯಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ವಾರಗಳಲ್ಲಿ ಹೊರತೆಗೆದ ಅನಂತರವೇ ಹೊಸ ಮರಳಿನ ಯೋಚನೆ ಮಾಡಿರಿ.

3. ತೊಟ್ಟಿ ತುಂಬಿದ್ದರೆ, ಮರಳು ಬಿದ್ದಾಗ ತುಳುಕದಂತೆ ಮೊದಲೇ ಕೆಲವು ಲೀಟರ್ ನೀರು ತೆಗೆದಿಡಿರಿ.

4. ನೀರು ತಿರುಗಿಸುವ ಪಂಪನ್ನು ನಿಲ್ಲಿಸಿರಿ. ಗಾಳಿ ಗುಳ್ಳೆಯ ಯಂತ್ರ ಮಾತ್ರ ನಡೆಯುತ್ತಿರಲಿ. ಎರಡು ಅಂಗುಲದ ಪಿ.ವಿ.ಸಿ. ಕೊಳವೆಯನ್ನು ತಳದ ಹತ್ತಿರ ಹಿಡಿದು, ಒದ್ದೆ ಮರಳನ್ನು ಅದರ ಮೂಲಕ ಮೆಲ್ಲನೆ ಇಳಿಸಿರಿ. ಮೇಲಿನಿಂದ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ.

5. ಒಂದು ಸಲಕ್ಕೆ ತಳದ ಕಾಲು ಭಾಗಕ್ಕೆ ಮಾತ್ರ ಹಾಕಿರಿ. ಆ ಕಾಲು ಭಾಗದಲ್ಲಿಯೂ ಒಂದೇ ಕಡೆ ರಾಶಿಯಾಗಲು ಬಿಡಬೇಡಿರಿ. ಉಳಿದ ಮುಕ್ಕಾಲು ಭಾಗದ ಜೀವಿಗಳು ಅಷ್ಟರಲ್ಲಿ ತೊಟ್ಟಿಯನ್ನು ಕಾಯುತ್ತವೆ. ಇನ್ನೂ ಮುಚ್ಚದ ಕಡೆಯಿಂದ ಒಂದು ಹಿಡಿ ಹಳೆಯ ಮೇಲ್ಮರಳನ್ನು ತೆಗೆದು ಹೊಸದರ ಮೇಲೆ ಉದುರಿಸಿರಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು ಕೆಲಸ ಮಾಡುತ್ತದೆ.

6. ನೀರು ತಿಳಿಯಾದ ಮೇಲೆ ಪಂಪನ್ನು ಮರಳಿ ನಡೆಸಿರಿ. ಆ ದಿನ ಮೀನಿಗೆ ಆಹಾರ ಬೇಡ; ಮುಂದಿನ ಎರಡು ದಿನ ಅರ್ಧದಷ್ಟು ಸಾಕು.

ಎಚ್ಚರಿಕೆ

ಮರಳು ಹಾಕಿದ ಅನಂತರ ಮೂರು ನಾಲ್ಕು ದಿನ ಅಮೋನಿಯಾ ಪರೀಕ್ಷೆ ಮಾಡಿರಿ. ಸೊನ್ನೆ ಇದ್ದರೆ ಮಾತ್ರ ಮುಂದಿನ ಪಾಲು. ಅಮೋನಿಯಾ ಕಂಡುಬಂದರೆ ಕೆಲಸ ನಿಲ್ಲಿಸಿ, ಕಾಲು ಭಾಗ ನೀರನ್ನು ಅಷ್ಟೇ ಉಪ್ಪಿನಂಶ ಮತ್ತು ಶಾಖವಿರುವ ಹೊಸ ನೀರಿನಿಂದ ಬದಲಾಯಿಸಿ, ಗಾಳಿ ಹೆಚ್ಚಿಸಿರಿ. ಜೋಡಿ ಮೊಟ್ಟೆಗಳನ್ನು ಕಾಯುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿರಿ. ಮರಿಯಾದ ಮೇಲೆ ಮಾಡಿದರಾಯಿತು.

ಒಂದೇ ದಿನ ಮುಗಿಸಬಹುದಾದ ಕೆಲಸಕ್ಕೆ ಒಂದು ತಿಂಗಳೇ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಒಂದು ತಿಂಗಳು ಕಾದರೆ, ವರ್ಷಗಟ್ಟಲೆ ಸಾಕಿದ ಜೋಡಿ ನಿಮ್ಮ ತೊಟ್ಟಿಯಲ್ಲಿ ಉಳಿಯುತ್ತದೆ.