ಎಣ್ಣೆಯ ಕೆಳಗಿನ ತುಕ್ಕು

ಪಿಸ್ತೂಲು ಹಾರಿಸಿದ ಸಂಜೆಯೇ ನಳಿಗೆಯೊಳಗೆ ಬಟ್ಟೆ ಆಡಿಸಿ, ಕಪ್ಪು ಬರುವುದು ನಿಲ್ಲುವ ತನಕ ಒರೆಸಿ, ಧಾರಾಳವಾಗಿ ಎಣ್ಣೆ ಹಚ್ಚಿ ಇಟ್ಟಿರುತ್ತಾರೆ. ಕೆಲವು ದಿನ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಒಳಗೋಡೆಯ ತುಂಬ ಕಂದು ಚುಕ್ಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೈನಿಕರನ್ನೂ ಬೇಟೆಗಾರರನ್ನೂ ಇದು ಬಹಳ ಕಾಡಿತು. ಹೊಗೆಯಿಲ್ಲದ ಹೊಸ ಮದ್ದು ಉಗುಳುವ ಆಮ್ಲವೇ ಕಾರಣ ಎಂದು ಕೆಲವರು ನಂಬಿದ್ದರು. ಉಕ್ಕು ಬಿಸಿ ಅನಿಲವನ್ನು ಹೀರಿಕೊಂಡು ಆಮೇಲೆ ಬೆವರುತ್ತದೆ ಎಂದು ವಾದಿಸಿದವರೂ ಇದ್ದರು. ಅಮೆರಿಕದ ಗಣಿ ಬ್ಯೂರೋದ ವಿಲ್ಬರ್ಟ್ ಹಫ್ 1922ರಲ್ಲಿ ಪ್ರಕಟಿಸಿದ ವರದಿ ಬೊಟ್ಟು ಮಾಡಿದ್ದು ಮಾತ್ರ ಒಂದು ಲವಣದ ಕಡೆಗೆ. ಎಣ್ಣೆಪದರದ ಕೆಳಗೆ ನಡೆಯುವ ಸವೆತ ಎಂಬುದೇ ಆ ವರದಿಯ ಶೀರ್ಷಿಕೆಯ ತಿರುಳು.

ಲವಣ ಎಲ್ಲಿಂದ ಬಂತು? ತೋಟಾದ ಹಿಂಬದಿಯಲ್ಲಿ ಪ್ರೈಮರ್ ಎಂಬ ಪುಟ್ಟ ಬಟ್ಟಲಿರುತ್ತದೆ. ಕುದುರೆ ಎಳೆದಾಗ ಅದಕ್ಕೆ ಪೆಟ್ಟು ಬಿದ್ದು ಕಿಡಿ ಹಾರುತ್ತದೆ, ಆ ಕಿಡಿ ಮದ್ದಿಗೆ ತಗಲುತ್ತದೆ. ಅಂದಿನ ಪ್ರೈಮರುಗಳಲ್ಲಿ ಆಮ್ಲಜನಕ ಒದಗಿಸುತ್ತಿದ್ದದ್ದು ಪೊಟ್ಯಾಸಿಯಂ ಕ್ಲೋರೇಟ್. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನ ಹತ್ತಿರದ ಬಂಧುವಾಗಿ, ನಳಿಗೆಯ ಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಿಕೊಳ್ಳುತ್ತದೆ.

ಕರಿಮದ್ದಿನ ಕಾಲದಲ್ಲಿ ಈ ತೊಂದರೆ ಎದ್ದು ಕಾಣದಿದ್ದುದಕ್ಕೂ ಕಾರಣವಿದೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನ ಕಸವಾಗಿ ಉಳಿಯುತ್ತದೆ. ಆ ಮಸಿಯನ್ನು ತೊಳೆಯಲು ನೀರೇ ಬೇಕು. ಮಸಿಯ ಜೊತೆಗೆ ಲವಣವೂ ತೊಳೆದುಹೋಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ನಳಿಗೆ ನೋಡಲು ಚೊಕ್ಕಟವಾಯಿತು. ಜನ ನೀರು ಬಿಟ್ಟು ಎಣ್ಣೆಯನ್ನೇ ನೆಚ್ಚಿಕೊಂಡರು. ತುಕ್ಕಿನ ಕಥೆ ಶುರುವಾದದ್ದು ಅಲ್ಲಿಂದ.

ಲವಣ ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಅದು ಕೆಳಗೆ ಕುಳಿತೇ ಇರುತ್ತದೆ. ತೆಳು ಎಣ್ಣೆಪದರದ ಮೂಲಕ ನೀರಾವಿಯೂ ಆಮ್ಲಜನಕವೂ ಮೆಲ್ಲಗೆ ನುಸುಳುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 84 ದಾಟಿತೆಂದರೆ ಪೊಟ್ಯಾಸಿಯಂ ಕ್ಲೋರೈಡ್ ತಾನಾಗಿ ತೇವ ಹೀರಿ ದ್ರಾವಣವಾಗುತ್ತದೆ. ಅದರ ಕ್ಲೋರೈಡ್ ಅಯಾನುಗಳು ಉಕ್ಕಿನ ಮೇಲಿನ ರಕ್ಷಣಾ ಪೊರೆಯನ್ನು ಅಲ್ಲಲ್ಲಿ ಒಡೆದು ಗುಳಿ ಕೊರೆಯುತ್ತವೆ. ಒಣ ಮರುಭೂಮಿಯಲ್ಲಿ ಎಷ್ಟೋ ದಿನ ಸುಮ್ಮನಿರುವ ಲವಣ ಮಡಿಕೇರಿಯ ಆಷಾಢದಲ್ಲಿ ರಾತ್ರೋರಾತ್ರಿ ಎಚ್ಚರಗೊಳ್ಳುತ್ತದೆ. ಮಳೆಗಾಲ ಮುಗಿಯುತ್ತ ಬಂದಾಗ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನವರು ಕೋವಿಗಳನ್ನು ತೆಗೆದು ಒರೆಸಿ ಪೂಜೆಗಿಡುವುದಕ್ಕೆ ಈ ದೃಷ್ಟಿಯಿಂದಲೂ ಅರ್ಥವಿದೆ ಎಂದು ನನಗೆ ಅನಿಸುತ್ತದೆ.

ಹಾಗಾದರೆ ತುಕ್ಕಿಗೆ ಮದ್ದು ನೀರು! ಬ್ರಿಟಿಷ್ ಸೈನಿಕರು ಆಲಿಕೆಯಿಟ್ಟು ರೈಫಲ್ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದದ್ದು ಇದಕ್ಕಾಗಿಯೇ. ನೀರು ಲವಣವನ್ನು ಕರಗಿಸಿ ಒಯ್ಯುತ್ತದೆ, ಕಾದ ಉಕ್ಕು ಬೇಗ ಒಣಗುತ್ತದೆ. ಎಣ್ಣೆಯ ಸರದಿ ಅದಾದ ಮೇಲೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಸೀಸದ ಸ್ಟಿಫ್ನೇಟ್ ಬಳಸಿದ, ಕ್ಲೋರೇಟ್ ಇಲ್ಲದ ಪ್ರೈಮರ್ ಬಂತು. ಅಮೆರಿಕದ ಸೈನ್ಯ ಪೂರ್ತಿಯಾಗಿ ಬದಲಾಗಲು 1950ರ ದಶಕವೇ ಬರಬೇಕಾಯಿತು. ಸೋವಿಯತ್ ಟೊಕರೆವ್ ಪಿಸ್ತೂಲಿನ ಹಳೆಯ ದಾಸ್ತಾನಿನ ತೋಟಾ ಹಾರಿಸುವವರು ಇಂದಿಗೂ ನೀರಿನಿಂದಲೇ ಶುರುಮಾಡಬೇಕು.

ಇಂದಿನ 9 ಮಿಲಿಮೀಟರ್ ಪಿಸ್ತೂಲಿನಲ್ಲಿ ಎದುರಾಳಿಗಳು ಬೇರೆ: ಇಂಗಾಲದ ಮಸಿ, ಗುಂಡಿನ ಕವಚದಿಂದ ಸವೆದ ತಾಮ್ರ, ಸೀಸ. ಗುಂಡಿಗೆ ಬುಗುರಿಯ ತಿರುಗು ಕೊಡುವ ಸುರುಳಿ ತೋಡುಗಳ ಆಳ ಸುಮಾರು 0.1 ಮಿಲಿಮೀಟರ್ ಮಾತ್ರ. ಲೋಹ ಮೆತ್ತಿ ತೋಡು ತುಂಬುತ್ತ ಬಂದಂತೆ ಗುರಿ ಕೆಡುತ್ತದೆ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆ ಎಂದು ಕಣ್ಣಾರೆ ನೋಡಿ, ನಳಿಗೆಯನ್ನು ಬಿಚ್ಚಿ, ಹಿಂಬದಿಯಿಂದಲೇ ಬ್ರಷ್ ತೂರಿಸುವುದು ಒಳ್ಳೆಯ ಅಭ್ಯಾಸ. ಗುಂಡು ಕೊನೆಯದಾಗಿ ತಾಗಿ ಹೊರಡುವುದು ಮೂತಿಯ ಅಂಚನ್ನು. ಬ್ರಷ್ಷಿನ ಸಲಾಕೆ ಉಜ್ಜಿ ಆ ಅಂಚು ಒಂದು ಕಡೆ ಸವೆದರೆ ಗುಂಡು ವಾಲುತ್ತದೆ. ರಿವಾಲ್ವರಿನಲ್ಲಿ ಚೌಕಟ್ಟು ಅಡ್ಡ ಬರುವುದರಿಂದ ಮೂತಿಯಿಂದಲೇ ತೂರಿಸಬೇಕು, ಕೈ ಇನ್ನಷ್ಟು ಹಗುರವಾಗಿರಬೇಕು. ತಾಮ್ರಕ್ಕೆ ಅಮೋನಿಯಾ ಬೆರೆತ ದ್ರಾವಕ ಬೇಕು; ಹೊರಬಂದ ಬಟ್ಟೆ ನೀಲಿಯಾದರೆ ತಾಮ್ರ ಕರಗುತ್ತಿದೆ ಎಂದು ತಿಳಿಯಬಹುದು. ಹಿತ್ತಾಳೆ ಬ್ರಷ್ಷಿನಲ್ಲೂ ತಾಮ್ರವಿದೆ, ಹಾಗಾಗಿ ಅದೂ ನೀಲಿ ಬಣ್ಣ ಬಿಟ್ಟು ದಾರಿ ತಪ್ಪಿಸುತ್ತದೆ.

ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರಿಗೆ ಪುಲ್‌ಥ್ರೂ ಎಂಬ, ನಳಿಗೆಯೊಳಗೆ ಚಿಂದಿ ಎಳೆಯುವ ಹಗ್ಗ ನೆನಪಿರಬಹುದು. ಒರೆಸಲು 4 ಇಂಚು ಉದ್ದ 2 ಇಂಚು ಅಗಲದ ಚಿಂದಿ. ಎಣ್ಣೆ ಹಚ್ಚಲು ಸ್ವಲ್ಪ ಕಿರಿದು. ಚಿಂದಿ ಬಿಗಿಯಾಗಿದ್ದರೆ ಎಣ್ಣೆಯೆಲ್ಲ ಹಿಂಡಿಹೋಗುತ್ತದೆ. ಬೇಕಾದದ್ದು ತೆಳುವಾದ ಪದರ ಮಾತ್ರ. ಬಂದೂಕಿನ ಎಣ್ಣೆಗೆ ಸೇರಿಸುವ ಕೆಲವು ಅಣುಗಳ ಒಂದು ತುದಿ ಉಕ್ಕನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನೀರನ್ನು ದೂರವಿಡುತ್ತದೆ. ಮನೆಯ ಕೊಬ್ಬರಿ ಎಣ್ಣೆಗೆ ಈ ಗುಣವಿಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಕಮಟು ಹಿಡಿದಾಗ ಕೊಬ್ಬಿನಾಮ್ಲ ಬಿಡುತ್ತದೆ. ಅಗಸೆ ಎಣ್ಣೆಯಂತೂ ಒಣಗಿ ಅಂಟಾಗುತ್ತದೆ.

ಹಾರಿಸುವ ಮೊದಲು ಒಣ ಚಿಂದಿಯಿಂದ ಎಣ್ಣೆ ಒರೆಸಿ ತೆಗೆಯಬೇಕು. ಸಿಡಿದ ಕ್ಷಣ ತೋಟಾದ ಕೋಶ ಉಬ್ಬಿ ಚೇಂಬರಿನ ಗೋಡೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಲಿ ಎಣ್ಣೆಯಿದ್ದರೆ ಕೋಶ ಜಾರಿ, ಹಿಂದಿನ ಲೋಹದ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಇನ್ನು, ಪ್ರೈಮರಿನ ಸೀಸ ಧೂಳಾಗಿ ಚಿಂದಿಗೂ ಬೆರಳಿಗೂ ಹತ್ತಿರುತ್ತದೆ. ಈ ಕೆಲಸ ಗಾಳಿಯಾಡುವ ಜಾಗದಲ್ಲಿ, ಅಡುಗೆಮನೆಯಿಂದಲೂ ಮಕ್ಕಳಿಂದಲೂ ದೂರ ಆಗಬೇಕು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬಾರದು.