ಹಿಮಪ್ರದೇಶಗಳಲ್ಲಿ ಮಲಿನಜಲದ ವಿಲೇವಾರಿ

ಬಚ್ಚಲ ನೀರನ್ನೂ ಶೌಚಗೃಹದ ಕಲ್ಮಷವನ್ನೂ ನಿರಪಾಯಕರವಾಗಿ ಮಾಡತಕ್ಕವು ಸೂಕ್ಷ್ಮಜೀವಿಗಳು. ಮಾಗಿಯ ಬೆಳಗಿನಲ್ಲಿ ತಿಪ್ಪೆಯನ್ನು ಕೆದಕಿದರೆ ಹೊಗೆಯಾಡುವುದು ಇವುಗಳ ಕೆಲಸದಿಂದಲೇ. ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿದರೆ ಈ ಕೆಲಸವು ಸುಮಾರು ಅರ್ಧಕ್ಕೆ ಇಳಿಯುವುದು. ಹೀಗಿರುವಾಗ, ಚಳಿಗಾಲದಲ್ಲಿ ನೀರು ಕಲ್ಲಿನಂತಾಗುವ ಸೀಮೆಗಳಲ್ಲಿ ಜನರು ಏನು ಮಾಡುವರೆಂಬುದು ವಿಚಾರಾರ್ಹವಾದುದು.

ಲಡಾಖಿನ ಲೇಹ್ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರು ಎತ್ತರದಲ್ಲಿರುತ್ತದೆ. ಮಳೆಯೂ ಹಿಮವೂ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರು ಮಾತ್ರ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಹೋಗುವುದುಂಟು. ಅಲ್ಲಿಯ ರೈತರು ನೀರನ್ನೇ ಬಳಸದ ಒಣ ಶೌಚಗೃಹವನ್ನು ಪೂರ್ವದಿಂದಲೂ ಕಟ್ಟುತ್ತ ಬಂದಿರುವರು. ಮೇಲಂತಸ್ತಿನ ನೆಲದಲ್ಲಿ ಒಂದು ಕಂಡಿ. ಮೂಲೆಯಲ್ಲಿ ಮಣ್ಣಿನ ರಾಶಿ. ಉಪಯೋಗಿಸಿದವರು ಒಂದು ಸಲಿಕೆ ಮಣ್ಣನ್ನೋ ಒಲೆಯ ಬೂದಿಯನ್ನೋ ಕಂಡಿಯೊಳಕ್ಕೆ ತಳ್ಳಬೇಕು. ಕೆಳಗಣ ಕೋಣೆಯಲ್ಲಿ ಶೇಖರವಾದುದು ಜವೆಗೋದಿಯ ಹೊಲಕ್ಕೆ ಗೊಬ್ಬರವಾಗುವುದು. ನೀರೇ ಇಲ್ಲವಾದ್ದರಿಂದ ಹೆಪ್ಪುಗಟ್ಟಿ ಒಡೆಯುವ ಕೊಳವೆಯೂ ಇಲ್ಲ.

ಆದರೆ ಇದರಲ್ಲಿ ಒಂದು ದೋಷವುಂಟು, ಅದನ್ನು ಮರೆಮಾಚಲಾಗದು. ಚಳಿಯು ಜಂತುಹುಳುಗಳ ಮೊಟ್ಟೆಗಳನ್ನು ಬೇಗನೆ ಸಾಯಗೊಡದು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಸೂಚನೆಗಳ ಮೇರೆಗೆ, 2ರಿಂದ 20 ಡಿಗ್ರಿ ಉಷ್ಣತೆಯಿರುವಲ್ಲಿ ಇಂಥ ಗೊಬ್ಬರವನ್ನು ಒಂದೂವರೆಯಿಂದ ಎರಡು ವರ್ಷ ಹಾಗೆಯೇ ಬಿಡತಕ್ಕದ್ದು. ಆದಕಾರಣ ಎರಡು ಕೋಣೆಗಳನ್ನು ಕಟ್ಟಿ, ತುಂಬಿದುದನ್ನು ಮುಚ್ಚಿ, ಮತ್ತೊಂದನ್ನು ಬಳಸುವುದೇ ಯುಕ್ತವಾದುದು.

ಪ್ರವಾಸಿಗರು ಹೆಚ್ಚಿದಂತೆ ಲೇಹಿನ ವಸತಿಗೃಹಗಳಲ್ಲಿ ನೀರು ಹಾಯಿಸುವ ಶೌಚಗೃಹಗಳೂ ಇಂಗುಗುಂಡಿಗಳೂ ಬಂದವು. ಅಲ್ಲಿಯ ನೆಲವು ಮರಳು ಜಲ್ಲಿಗಳಿಂದ ಕೂಡಿದ್ದು, ಮಲಿನಜಲವು ಶೋಧಿಸಲ್ಪಡದೆಯೇ ಕೆಳಕ್ಕಿಳಿದು, ಕುಡಿಯುವುದಕ್ಕಾಗಿ ಸೇದುವ ಅಂತರ್ಜಲವನ್ನು ಸೇರುವ ಭಯವಿದೆ. ಇಷ್ಟು ಸ್ವಲ್ಪ ಮಳೆಯ ನಾಡಿನಲ್ಲಿ ಬಾವಿ ಕೆಟ್ಟರೆ ಬೇರೆ ಗತಿಯೇನು?

ಶೀತದೇಶದಲ್ಲಿ ಸೆಪ್ಟಿಕ್ ಟ್ಯಾಂಕನ್ನೇ ಕಟ್ಟಬೇಕಾದ ಪಕ್ಷದಲ್ಲಿ ಅದು ವಾಡಿಕೆಗಿಂತ ದೊಡ್ಡದಾಗಿರಬೇಕು. ಏಕೆಂದರೆ ಚಳಿಗಾಲವೆಲ್ಲಾ ಕೆಸರು ಕೊಳೆಯದೆ ಕೂಡಿಕೊಂಡಿದ್ದು ಬೇಸಗೆಯಲ್ಲಿ ಮಾತ್ರ ಕರಗುವುದು. ನೀರು ಎಲ್ಲಿಯೂ ನಿಲ್ಲದಂತೆ ಕೊಳವೆಗೆ ಸಮನಾದ ಇಳಿಜಾರು ಇರಬೇಕು. ಒಮ್ಮೆಗೇ ಹರಿಯುವ ಬೆಚ್ಚಗಿನ ನೀರು ಸುಲಭವಾಗಿ ಹೆಪ್ಪುಗಟ್ಟದು. ನಿಜವಾದ ಶತ್ರುವೆಂದರೆ ತೊಟ್ಟಿಕ್ಕುವ ನಲ್ಲಿ. ಅದರ ಸಣ್ಣ ಎಳೆಯು ಪದರದ ಮೇಲೆ ಪದರವಾಗಿ ಗಟ್ಟಿಯಾಗಿ ಕಡೆಗೆ ಕೊಳವೆಯನ್ನೇ ಮುಚ್ಚಿಬಿಡುವುದು. ಚಳಿಗೆ ಮುಂಚೆ ಟ್ಯಾಂಕಿನ ಮೇಲೆ ಹುಲ್ಲನ್ನು ದಪ್ಪವಾಗಿ ಹಾಸಬೇಕು. ಬಿದ್ದ ಹಿಮವನ್ನು ತೆಗೆಯಲಾಗದು. ಸಡಿಲವಾದ ಹಿಮವೇ ನೆಲಕ್ಕೆ ಕಂಬಳಿ. ಅದರ ಮೇಲೆ ದನಗಳನ್ನಾಗಲಿ ವಾಹನಗಳನ್ನಾಗಲಿ ಹಾಯಿಸಕೂಡದು. ತುಳಿದು ಗಟ್ಟಿಯಾದ ಹಿಮದ ಮೂಲಕ ಚಳಿಯು ನೆಲದೊಳಕ್ಕೆ ಇನ್ನೂ ಆಳವಾಗಿ ಇಳಿಯುವುದು.